ಆಡಿನ ಟ್ರೇಕಿಯಾದ ಮೇಲೆ ಹಿಸ್ಟಮಿನ್: ಕಲಬುರಗಿಯಲ್ಲಿ ಗ್ರಾಫ್ ಬಂದದ್ದು ಹೀಗೆ

ಗಿನಿಪಿಗ್ ಇಲಿಯಂ, ಅಂದರೆ ಸಣ್ಣ ಕರುಳಿನ ಕೊನೆಯ ತುಂಡು, ಇಲ್ಲದೆ ಹಿಸ್ಟಮಿನ್ ಗ್ರಾಫ್ (ಹಿಸ್ಟಮಿನ್ ಏರಿಸಿದಂತೆ ಸ್ನಾಯು ಎಷ್ಟು ಕುಗ್ಗಿತು ಅನ್ನೋ ಗೆರೆ) ಬರಲ್ಲ, ಆಡಿನ ಟ್ರೇಕಿಯಾ (ಶ್ವಾಸನಾಳ) ಬರೀ ಸೋಮಾರಿ ಅಂದವರೇ ಹೆಚ್ಚು. ಈಗ ಅದೇ ಟ್ರೇಕಿಯಾದಲ್ಲಿ, ಹಿಸ್ಟಮಿನ್ ತಡೆಯುವ ಕ್ಲೋರ್‌ಫೆನಿರಮೈನ್ ಹಾಕಿದ ಮೂರು ಗೆರೆಗಳು ಸಾಲಾಗಿ ಬಲಕ್ಕೆ ಸರಿದಿವೆ, ಶಿಲ್ಡ್ ಪ್ಲಾಟಿನ (ಗೆರೆ ಎಷ್ಟು ಸರಿಯಿತು ಅನ್ನೋದನ್ನು ತಡೆಮದ್ದಿನ ಪ್ರಮಾಣದ ಎದುರು ಇಡುವ ಗ್ರಾಫ್) ಸ್ಲೋಪ್ ಒಂದರ ಆಸುಪಾಸಿನಲ್ಲಿದೆ. ಸೋಮಾರಿ ಅನ್ನೋದು ನಿಜ. ಪೂರ್ತಿ ಕುಗ್ಗಲು ಇಲಿಯಂಗೆ ಮೂವತ್ತು ಸೆಕೆಂಡ್ ಸಾಕು, ಇದಕ್ಕೆ ತೊಂಬತ್ತು ಬೇಕು. ತೊಳೆದ ಮೇಲೆ ಬೇಸ್‌ಲೈನಿಗೆ ಇಳಿಯಲು ಹದಿನೈದು ನಿಮಿಷ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರೇ ಟಿಶ್ಯೂ ಸತ್ತಿದೆ ಅಂತ ಎಸೆಯುತ್ತಾರೆ.

ಮಟನ್ ಅಂಗಡಿಗೆ ಕೋಲ್ಡ್ ಕ್ರೆಬ್ಸ್ (ಟಿಶ್ಯೂ ಜೀವಂತ ಇಡುವ ಲವಣದ ದ್ರಾವಣ) ತುಂಬಿದ ಥರ್ಮಾಸ್ ಸಮೇತ ಬೆಳಿಗ್ಗೆ ಐದಕ್ಕೇ ಹೋಗಬೇಕು. ಟ್ರೇಕಿಯಾಗೆ ಹತ್ತಿಪ್ಪತ್ತು ರೂಪಾಯಿ, ಪರಿಚಯವಾದ ಮೇಲೆ ಅದೂ ಇಲ್ಲ. ಬೆಳಗಿನ ಜಾವಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಬ್ಯಾಸಗಿಯಲ್ಲಿ ಹನ್ನೊಂದು ಗಂಟೆ ದಾಟಿದರೆ ರೂಮೇ ಮೂವತ್ತೆಂಟು ಡಿಗ್ರಿ. ಥರ್ಮೋಸ್ಟಾಟಿಗೆ ಕಾಯಿಸೋದು ಗೊತ್ತು, ತಣಿಸೋದು ಗೊತ್ತಿಲ್ಲ. ಟಿಶ್ಯೂ ಮುಳುಗಿಸುವ ಬಾತ್ ಮೂವತ್ತೇಳರಲ್ಲಿ ನಿಲ್ಲಬೇಕಾದದ್ದು ಮೂವತ್ತೊಂಬತ್ತಕ್ಕೆ ಏರಿ ಬೇಸ್‌ಲೈನ್ ಜಾರುತ್ತಾ ಹೋಗುತ್ತದೆ. ಇದು ತಿಳಿಯುವ ಮೊದಲು ಹತ್ತು ಹನ್ನೆರಡು ಟಿಶ್ಯೂ ಹಾಳಾದವು. ಬಾತಿನ ಸುತ್ತ ಬಿಸಿನೀರು ತುಂಬುವ ಹೊರಗಿನ ಜಾಕೆಟಿಗೂ ಬೋರ್ ನೀರು ಬೇಡ, ಎರಡೇ ತಿಂಗಳಲ್ಲಿ ಹೀಟರಿಗೆ ಸುಣ್ಣ ಕಟ್ಟುತ್ತದೆ.

ಕಾಸ್ಟಿಲೊ ಮತ್ತು ಡಿ ಬೀರ್ 1947ರಲ್ಲಿ ತೋರಿಸಿದ ಟ್ರೇಕಿಯಾ ಉಂಗುರಗಳ ಚೈನ್ ಗಿನಿಪಿಗ್ಗಿನದು. ಆಡಿನ ಉಂಗುರ ದೊಡ್ಡದು, ಹಾಗೇ ಕಟ್ಟಿದರೆ ಬಾತಿನೊಳಗೆ ಹಿಡಿಯಲ್ಲ. ಎರಡು ಮೂರು ಮಿಲಿಮೀಟರ್ ಅಗಲದ ಉಂಗುರ ಕೊಯ್ದು, ಬೆಳಕಿಗೆ ಹಿಡಿದು ಮೃದ್ವಸ್ಥಿಯ ಎರಡು ತುದಿಗಳ ನಡುವಿನ ತೆಳು ಪಟ್ಟಿ ನೋಡಿ. ಸ್ನಾಯು ಅದೇ. ಕತ್ತರಿ ಅದರ ಎದುರು ಬದಿಗೆ ಬೀಳಬೇಕು. ಪಟ್ಟಿಯ ಎರಡೂ ಕಡೆ ಎರಡು ಮೂರು ಮಿಲಿಮೀಟರ್ ಮೃದ್ವಸ್ಥಿ ಬಿಟ್ಟು ಉಳಿದದ್ದು ತೆಗೆಯಿರಿ, ಆ ಅಂಚಿಗೆ ದಾರ ಹಾಕಿ ನಾಲ್ಕೈದು ತುಂಡು ಜೋಡಿಸಿ. ದಾರ ಸ್ನಾಯುವನ್ನು ಬಿಗಿದರೆ ಕೆಲಸ ಕೆಟ್ಟಿತು. ಯಾವ ದಾರ, ಯಾವ ಗಂಟು ಅನ್ನೋದು ನನ್ನ ಹತ್ತಿರವೇ ಇರಲಿ. ಅರ್ಧದಿಂದ ಒಂದು ಗ್ರಾಂ ಟೆನ್ಶನ್, ಒಂದು ಗಂಟೆ ವಿಶ್ರಾಂತಿ, ಹದಿನೈದು ನಿಮಿಷಕ್ಕೊಮ್ಮೆ ತೊಳೆತ. ಗೆರೆ ಬರೆಯುವ ಸನ್ನೆಕಡ್ಡಿಯ (ಲಿವರ್) ಸ್ಟ್ಯಾಂಡ್ ಶಹಾಬಾದಿ ಫರಸಿ ಕಲ್ಲಿನ ಮೇಲಿಟ್ಟರೆ ರಸ್ತೆಯ ಅದುರು ಗೆರೆಗೆ ಬರಲ್ಲ.

ದುಡ್ಡು ಹೋದದ್ದು ಬಾತಿನೊಳಗೆ ಬಿಡುವ ಗ್ಯಾಸಿಗೆ. ಕಾರ್ಬೋಜನ್ (ಆಕ್ಸಿಜನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆತದ್ದು) ಹೈದರಾಬಾದಿನಿಂದ ಬರಬೇಕು, ಬಾಡಿಗೆ ಸೇರಿ ಏಳೆಂಟು ಸಾವಿರ. ಬರೀ ಆಕ್ಸಿಜನ್ ಅಥವಾ ಮೀನಿನ ತೊಟ್ಟಿಯ ಪಂಪ್ ಬಿಟ್ಟರೆ ಕ್ರೆಬ್ಸ್‌ನ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಬಿಳಿ ಮೋಡವಾಗಿ ಕೂರುತ್ತದೆ. ಕೊನೆಗೆ ಬೈಕಾರ್ಬೊನೇಟನ್ನೇ ಬಿಟ್ಟೆ. ಲೀಟರಿಗೆ 2.4 ಗ್ರಾಂ ಹೆಪೀಸ್ (ಪಿಎಚ್ ಹಿಡಿದಿಡುವ ಬಫರ್) ಹಾಕಿ, ಸೋಡಿಯಂ ಕ್ಲೋರೈಡನ್ನು 6.9ರಿಂದ ಸುಮಾರು 8.2 ಗ್ರಾಂಗೆ ಏರಿಸಿದೆ. ಪಿಎಚ್ 7.4 ಹೊಂದಿಸುವುದು ದ್ರಾವಣ ಮೂವತ್ತೇಳಕ್ಕೆ ಬಂದ ಮೇಲೆಯೇ, ಯಾಕೆಂದರೆ ಬಿಸಿಯಾದಂತೆ ಹೆಪೀಸ್‌ನ ಪಿಎಚ್ ಇಳಿಯುತ್ತದೆ. ಈಗ ಆಕ್ಸಿಜನ್ ಸಿಲಿಂಡರ್ ಒಂದೇ ಸಾಕು.

ಹಿಸ್ಟಮಿನ್ ಬಾಟಲಿಯ ಲೇಬಲ್ ಓದಿ. 1 ಮಿಲಿಗ್ರಾಂ ಹಿಸ್ಟಮಿನ್ ಬೇಸಿಗೆ (ಲವಣದ ಭಾಗ ಬಿಟ್ಟ ಬರೀ ಹಿಸ್ಟಮಿನ್‌ಗೆ) ಡೈಹೈಡ್ರೋಕ್ಲೋರೈಡ್ 1.66 ಮಿಲಿಗ್ರಾಂ ಬೇಕು, ಫಾಸ್ಫೇಟ್ ಆದರೆ 2.76. ಇವೆರಡನ್ನೂ ಒಂದೇ ಅಂದುಕೊಂಡು, ಹೋದ ವರ್ಷದ ಗ್ರಾಫಿಗೂ ಈ ವರ್ಷದ್ದಕ್ಕೂ ತಾಳೆ ಇಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ಬಲ್ಲೆ.

ಕ್ಲೋರ್‌ಫೆನಿರಮೈನ್‌ನಲ್ಲಿ ಕೈ ಹಿಡಿತ ಬೇಕು. ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ ಸುರಿದರೆ ಗೆರೆ ಏಳುವುದೇ ಇಲ್ಲ. ನಾನು ಶುರು ಮಾಡುವುದು 10 ನ್ಯಾನೋಮೋಲಾರ್, ಅಂದರೆ ಮ್ಯಾಲಿಯೇಟ್ ಲವಣದ ಲೆಕ್ಕದಲ್ಲಿ ಮಿಲಿಲೀಟರಿಗೆ ಸುಮಾರು 4 ನ್ಯಾನೋಗ್ರಾಂ. ಅರ್ಧ ಗಂಟೆ ಕಾದು ಹಿಸ್ಟಮಿನ್. ಗರಿಷ್ಠ ಎತ್ತರ ಹಾಗೇ ಉಳಿದು ಗೆರೆ ಬಲಕ್ಕೆ ಸರಿದರೆ ಎಚ್1 ರಿಸೆಪ್ಟರಿಗಾಗಿ (ಸ್ನಾಯುವಿನಲ್ಲಿ ಹಿಸ್ಟಮಿನ್ ಕೂರುವ ಜಾಗಕ್ಕಾಗಿ) ಪೈಪೋಟಿ ಅಂತ ಧೈರ್ಯವಾಗಿ ಹೇಳಬಹುದು.

ಇದರ ನಡುವೆ ಆಡುಸೋಗೆ ಎಲೆಯ ಸಾರವನ್ನೂ ಹಾಕಿ ನೋಡಿದೆ. ಗೆರೆ ಇಳಿಯಿತು. ಆದರೆ ಬೇರೆ ರಿಸೆಪ್ಟರಿನ ಮೂಲಕ ಸ್ನಾಯು ಕುಗ್ಗಿಸುವ ಅಸಿಟೈಲ್‌ಕೋಲಿನ್ನಿನ ಗೆರೆಯೂ ಇಳಿಯಿತು! ಎರಡನ್ನೂ ಇಳಿಸುವ ಸಾರಕ್ಕೆ ಆಂಟಿಹಿಸ್ಟಮಿನ್ ಅಂತ ಹೆಸರಿಟ್ಟು ಪೇಪರ್ ಬರೆಯುವುದು ನನಗೆ ಒಪ್ಪಲ್ಲ. ಅದು ರಿಸೆಪ್ಟರಿನ ಕೆಳಗೆ, ಐಪಿ3 (ರಿಸೆಪ್ಟರಿನ ಸಂದೇಶ ಒಳಗೆ ಒಯ್ಯುವ ಅಣು) ಆಚೆ ಕ್ಯಾಲ್ಸಿಯಂ ಹಂತದಲ್ಲೋ ಸ್ನಾಯುವಿನಲ್ಲೋ ಕೆಲಸ ಮಾಡುತ್ತಿರಬಹುದು. ಸಾರ ಕರಗಿಸಿದ ಆಲ್ಕೋಹಾಲ್ ಒಂದನ್ನೇ ಮೊದಲು ಹಾಕಿ ನೋಡಿ. ಅದೇ ಅಷ್ಟು ಇಳಿಸಿದರೆ ಎಲೆಗೆ ಹೆಸರು ಬೇಡ. ಉಲ್ಟಾ, ಸಾರ ಹಾಕಿದ ಕೂಡಲೇ ಗೆರೆ ಜಿಗಿದರೆ ಎಲೆಯ ಪೊಟ್ಯಾಸಿಯಂ (ಅದೂ ಸ್ನಾಯು ಕುಗ್ಗಿಸುತ್ತದೆ) ಮೇಲೆ ಅನುಮಾನ ಪಡಿ. ಬೂದಿ ಮಾಡಿ ಪೊಟ್ಯಾಸಿಯಂ ಅಳೆಯುವ ಫ್ಲೇಮ್ ಫೋಟೋಮೀಟರಿಗೆ ಕೊಟ್ಟರೆ ಒಂದೇ ದಿನದಲ್ಲಿ ತಿಳಿಯುತ್ತದೆ.