ಬಣ್ಣ ಹತ್ತದ ಸ್ಲೈಡ್

ನಾನು ಪೆಥಾಲಜಿಸ್ಟ್, ದೇಹದಿಂದ ತೆಗೆದ ಅಂಗಾಂಶ ನೋಡಿ ರೋಗ ಗುರುತಿಸುವವಳು. ರೋಗಿಯ ಮುಖ ನೋಡುವುದು ಅಪರೂಪ. ನನ್ನ ಕೈಗೆ ಬರುವುದು ಫಾರ್ಮಲಿನ್ ದ್ರವದಲ್ಲಿ ಅಂಗಾಂಶ ಇಟ್ಟ ಡಬ್ಬಿ, ಜೊತೆಗೊಂದು ಚೀಟಿ. ಆ ದಿನದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ವಯಸ್ಸು 44, ಎರಡೂ ಅಂಡಾಶಯದಲ್ಲಿ ಗಡ್ಡೆ, ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಪ್ರೋಟೀನ್) ಜಾಸ್ತಿ.

ಅಳೆದು ನೋಡಿದೆ. ಬಲಗಡೆಯದು 8 ಸೆಂಟಿಮೀಟರ್, ಎಡಗಡೆಯದು 5. ಎರಡರ ಮೇಲ್ಮೈಯಲ್ಲೂ ಸಣ್ಣ ಸಣ್ಣ ಗಂಟು. ಎರಡೂ ಕಡೆ ಇದ್ದು, ಚಿಕ್ಕದಾಗಿದ್ದು, ಮೇಲ್ಮೈಯಲ್ಲಿ ಗಂಟಿದ್ದರೆ ಬೇರೆ ಅಂಗದಿಂದ ಬಂದಿರಬಹುದು ಅಂತ ಅನುಮಾನ ಪಡಬೇಕು. ಆದರೆ ಅಂಡಾಶಯದ್ದೇ ಆದ ಸೀರಸ್ ಎಂಬ ಬಗೆಯ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ. ಲೋಳೆ ಸುರಿಸುವ ಮ್ಯೂಸಿನಸ್ ಗಡ್ಡೆಯಲ್ಲಿ ಗಾತ್ರ ನೋಡಿ ಅಂದಾಜು ಮಾಡಬಹುದು. ಉಳಿದವುಗಳಲ್ಲಿ ಅದು ಅಷ್ಟು ಕೈ ಹಿಡಿಯುವುದಿಲ್ಲ.

ಹೊರಗಿನಿಂದ ಬಂದದ್ದು ಅಂದರೂ ನಮಗೆ ಮೊದಲು ನೆನಪಾಗುವುದು ಜಠರ, ದೊಡ್ಡ ಕರುಳು, ಸ್ತನ. ಶ್ವಾಸಕೋಶ ಆ ಸಾಲಿನಲ್ಲಿ ಬಹಳ ಹಿಂದೆ. 1896ರಲ್ಲಿ ಜರ್ಮನ್ ವೈದ್ಯ ಕ್ರುಕೆನ್‌ಬರ್ಗ್ ಅವರು ತಮ್ಮ ಹೆಸರಿನ ಗಡ್ಡೆಯನ್ನು ವಿವರಿಸಿದಾಗ ಅದು ಅಂಡಾಶಯದಲ್ಲೇ ಹುಟ್ಟಿದ್ದು ಅಂದುಕೊಂಡಿದ್ದರು. ಹೆಚ್ಚಾಗಿ ಜಠರದಿಂದ ಬರುತ್ತದೆ ಅಂತ ಗೊತ್ತಾದದ್ದು ಆಮೇಲೆ. ನಾನು ಎಡವಿದ್ದರಲ್ಲಿ ಏನು ವಿಶೇಷ ಬಿಡಿ.

ಮೈಕ್ರೋಸ್ಕೋಪಿನಲ್ಲಿ ಗ್ರಂಥಿಗಳು, ನಡುವೆ ಬೆರಳಿನಂಥ ಚಾಚುಗಳು (ಪ್ಯಾಪಿಲ್ಲೆ), ಅಲ್ಲಲ್ಲಿ ತಿಳಿ ಬಣ್ಣದ ಕೋಶಗಳು. ಅಂಡಾಶಯದ್ದೇ ಒಂದು ಬಗೆಯ ಕ್ಯಾನ್ಸರ್, ಕ್ಲಿಯರ್ ಸೆಲ್ ಕಾರ್ಸಿನೋಮ ಇರಬಹುದು ಅಂತ ಸರ್ಜನ್‌ಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ಆಮೇಲೆ ಇಮ್ಯುನೋ ಸ್ಟೇನ್ ಹಾಕಿಸಿದೆ. ಹುಡುಕುವ ಪ್ರೋಟೀನ್ ಕೋಶದಲ್ಲಿದ್ದರೆ ಕಂದು ಬಣ್ಣ ಹತ್ತುತ್ತದೆ, ಅದರಿಂದ ಗಡ್ಡೆ ಯಾವ ಅಂಗದ್ದು ಅಂತ ಅಂದಾಜು ಮಾಡುತ್ತೇವೆ. ಸಿಕೆ-7, ಪ್ಯಾಕ್ಸ್-8 ಎಲ್ಲ ಇಂಥ ಪ್ರೋಟೀನುಗಳ ಹೆಸರು. ಸಿಕೆ-7 ಪಾಸಿಟಿವ್, ಸಿಕೆ-20 ನೆಗೆಟಿವ್. ದೊಡ್ಡ ಕರುಳಿನ ಅನುಮಾನ ಕಡಿಮೆಯಾಯಿತು, ಅಷ್ಟೇ. ಅಂಡಾಶಯ, ಶ್ವಾಸಕೋಶ ಎರಡೂ ಸಾಮಾನ್ಯವಾಗಿ ಇದೇ ಉತ್ತರ ಕೊಡುತ್ತವೆ. ಡಬ್ಲ್ಯುಟಿ-1 ನೆಗೆಟಿವ್. ಅದೂ ಸರಿ, ಕ್ಲಿಯರ್ ಸೆಲ್‌ನಲ್ಲಿ ಅದು ಹಾಗೇ ಇರಬೇಕು. ಪೇಚಿಗೆ ಸಿಕ್ಕಿದ್ದು ಪ್ಯಾಕ್ಸ್-8ರಲ್ಲಿ. ಅಂಡಾಶಯದ್ದಾಗಿದ್ದರೆ ನ್ಯೂಕ್ಲಿಯಸ್ ಕಂದಾಗಬೇಕಿತ್ತು. ನೀಲಿಯಾಗೇ ಉಳಿದಿತ್ತು.

'ಸ್ಟೇನ್ ಕೆಟ್ಟಿರಬೇಕು, ಇನ್ನೊಂದು ಹಾಕಿ' ಅಂತ ಟೆಕ್ನಿಷಿಯನ್‌ಗೆ ಹೇಳಿದೆ.

'ಮೇಡಂ, ಪಕ್ಕದಲ್ಲಿ ಟ್ಯೂಬ್ ಇದೆ, ನೋಡಿದ್ರಾ?' ಅಂದರು ಅವರು.

ಅದೇ ಸ್ಲೈಡಿನ ಅಂಚಿನಲ್ಲಿ ಅಂಡನಾಳದ ಒಂದು ಚೂರು. ಅದರ ಒಳಪದರದ ಕೋಶಗಳು ಚೆನ್ನಾಗಿ ಕಂದಾಗಿದ್ದವು. ಸ್ಟೇನ್ ಸರಿಯಾಗೇ ಇತ್ತು. ತಪ್ಪಿದ್ದು ನಾನು.

ಹಳೇ ಸ್ಲೈಡುಗಳನ್ನು ಮತ್ತೆ ಹರಡಿಕೊಂಡು ಕೂತೆ. ಈಗ ಕಣ್ಣಿಗೆ ಬೇರೆಯೇ ಬಿತ್ತು. ಅಂಡಾಶಯದ ಹೈಲಮ್‌ನಲ್ಲಿ, ರಕ್ತನಾಳಗಳು ಒಳಗೆ ಹೋಗುವ ಜಾಗದಲ್ಲಿ, ದುಗ್ಧನಾಳಗಳ ತುಂಬ ಕ್ಯಾನ್ಸರ್ ಕೋಶ. ಹೊರಗಿನಿಂದ ಬಂದದ್ದರ ಸುಳಿವು ಅದು. ಅಂಡನಾಳದ ತುದಿಯನ್ನು ಪೂರ್ತಿ ಸೀಳಿ ನೋಡಿದರೂ ಅಲ್ಲಿ ಏನೂ ಹುಟ್ಟಿರಲಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು) ಸಹ ಇರಲಿಲ್ಲ. ಕ್ಲಿಯರ್ ಸೆಲ್ ಆಗಿದ್ದರೆ ಅದು ಪಕ್ಕದಲ್ಲಿ ಸಿಗುವುದು ಮಾಮೂಲು.

ಸರ್ಜನ್‌ಗೆ ಮತ್ತೆ ಫೋನ್ ಮಾಡಿದೆ. 'ಮೇಡಂ, ಪೇಷೆಂಟ್‌ಗೆ ಕೆಮ್ಮು ಇತ್ತಾ? ಎದೆ ಎಕ್ಸ್‌ರೇ ಹೇಗಿತ್ತು?'

'ಬಲಗಡೆ ಮೇಲೆ ಒಂದು ನೆರಳು ಇತ್ತು. ಹಳೇ ಟಿ.ಬಿ. ಕಲೆ ಅಂದ್ಕೊಂಡ್ವಿ. ಸಿಗರೇಟ್ ಏನೂ ಇಲ್ವಲ್ಲ.'

ನಮ್ಮ ಕಡೆ ಎದೆಯಲ್ಲಿ ನೆರಳು ಕಂಡರೆ ಮೊದಲು ಟಿ.ಬಿ. ಅನ್ನುವುದು ತಪ್ಪೇನಲ್ಲ. ಬೀಡಿ, ಸಿಗರೇಟ್ ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಅಡಿನೋಕಾರ್ಸಿನೋಮ (ಗ್ರಂಥಿ ಬಗೆಯ ಕ್ಯಾನ್ಸರ್) ಬರುತ್ತದೆ ಅನ್ನುವುದು ಮರೆತುಹೋಗುತ್ತದೆ. ಸಿಎ-125 ನಂಬಿಕೊಂಡರೂ ಕಷ್ಟ. ಹೊಟ್ಟೆಯ ಟಿ.ಬಿ.ಯಲ್ಲೂ ಏರುತ್ತದೆ, ಶ್ವಾಸಕೋಶದ ಕ್ಯಾನ್ಸರಿನಲ್ಲೂ ಏರಬಹುದು.

ಮುಂದೆ ಶ್ವಾಸಕೋಶದ ಕೋಶಗಳನ್ನು ಹುಡುಕುವ ಸ್ಟೇನ್‌ಗಳಾದ ಟಿಟಿಎಫ್-1, ನ್ಯಾಪ್ಸಿನ್ ಎ ಎರಡನ್ನೂ ಒಟ್ಟಿಗೆ ಹಾಕಿಸಿದೆ. ನ್ಯಾಪ್ಸಿನ್ ಒಂದನ್ನೇ ಹಾಕಿದ್ದರೆ ನನ್ನ ಮೊದಲ ತಪ್ಪೇ ಗಟ್ಟಿಯಾಗುತ್ತಿತ್ತು. ಅದು ಶ್ವಾಸಕೋಶದ ಗುರುತು ಅಂತ ಎಲ್ಲರೂ ಕಲಿತಿರುತ್ತೇವೆ, ಆದರೆ ಅಂಡಾಶಯದ ಕ್ಲಿಯರ್ ಸೆಲ್‌ನಲ್ಲೂ ಪಾಸಿಟಿವ್. ಇಲ್ಲಿ ಎರಡೂ ಹತ್ತಿದವು. ಟಿಟಿಎಫ್-1 ನ್ಯೂಕ್ಲಿಯಸ್ಸಿನಲ್ಲಿ, ನ್ಯಾಪ್ಸಿನ್ ಸೈಟೋಪ್ಲಾಸಂನಲ್ಲಿ ಕಾಳುಕಾಳಾಗಿ. ಪ್ಯಾಕ್ಸ್-8 ಇಲ್ಲ. ಸಿ.ಟಿ.ಯಲ್ಲಿ ಆ ನೆರಳು ಗಡ್ಡೆಯೇ ಆಗಿತ್ತು.

ಮೇಣದಲ್ಲಿ ಕೂರಿಸಿದ ಅಂಗಾಂಶದ ಬ್ಲಾಕ್, ಯಾವ ಮಾತ್ರೆ ನಾಟಬಹುದು ಅಂತ ತಿಳಿಸುವ ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆಗೆ ಹೋಯಿತು. ಎಎಲ್‌ಕೆ ಪಾಸಿಟಿವ್ ಬಂತು. ಅಂಡಾಶಯಕ್ಕೆ ಹರಡಿದ ಶ್ವಾಸಕೋಶದ ಕ್ಯಾನ್ಸರುಗಳ ವರದಿಗಳಲ್ಲಿ ಎಎಲ್‌ಕೆ ಬದಲಾವಣೆ ಇರುವವು ಸಾಕಷ್ಟಿವೆ. ನನ್ನ ಮೊದಲ ಮಾತು ನಿಂತಿದ್ದರೆ ಆಕೆಗೆ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಹನಿಸುತ್ತಿದ್ದರು. ಈಗ ಎಎಲ್‌ಕೆ ತಡೆಯುವ ಮಾತ್ರೆ ಶುರುವಾಯಿತು.

ಇದಾದ ಮೇಲೆ ನನಗೆ ಶ್ವಾಸಕೋಶದ ಹುಚ್ಚು ಹಿಡಿಯಿತು. ಕೆಲವು ತಿಂಗಳಿಗೆ ಇನ್ನೊಂದು ಅಂಡಾಶಯ ಬಂತು. ಡಬ್ಲ್ಯುಟಿ-1 ಇಲ್ಲ, ಈಸ್ಟ್ರೋಜನ್ ರಿಸೆಪ್ಟರ್ ಇಲ್ಲ, ಟಿಟಿಎಫ್-1 ಜೋರಾಗಿ ಹತ್ತಿದೆ. 'ಇದೂ ಅದೇ' ಅಂತ ಬರೆಯಲು ಕೂತವಳು ಸುಮ್ನೆ ಪ್ಯಾಕ್ಸ್-8 ಸ್ಲೈಡ್ ಬರುವವರೆಗೆ ಕಾದೆ. ಪಾಸಿಟಿವ್. ಅಂಡಾಶಯದಲ್ಲೇ ಹುಟ್ಟುವ ಮೆಸೊನೆಫ್ರಿಕ್ ತರಹದ ಅಡಿನೋಕಾರ್ಸಿನೋಮ ಅದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದಲ್ಲಿ ಜಾಗ ಪಡೆದ ಗಡ್ಡೆ, ಟಿಟಿಎಫ್-1 ತೋರಿಸಿ ದಾರಿ ತಪ್ಪಿಸುತ್ತದೆ. ಆದರೂ ಎದೆಯ ಸಿ.ಟಿ. ಮಾಡಿಸಲು ಹೇಳಿದೆ. ಏನೂ ಇರಲಿಲ್ಲ. ರಿಪೋರ್ಟ್ ಎರಡು ದಿನ ತಡವಾಯಿತು, ವಾರ್ಡಿನಿಂದ ಬೈಸಿಕೊಂಡೆ.