ಏರಿನಲ್ಲಿ ಮೂರನೇ ಗೇರ್ ಕರ್ರ್ ಅಂದಾಗ

ಗೇರ್ ಹಾಕುವಾಗ ಕರ್ರ್ ಅಂದರೆ ಸಾಕು, ‘ಗೇರ್‌ಬಾಕ್ಸ್ ಇಳಿಸಿಬಿಡೋಣ’ ಅನ್ನುವ ಮಾತು ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. ಗಾಡಿ ಓಡುವ ಸ್ಥಿತಿಯಲ್ಲಿರುವಾಗ ಸಿಗುವ ಸಾಕ್ಷಿ ಇಳಿಸಿದ ಮೇಲೆ ಸಿಗುವುದಿಲ್ಲ. ಕ್ಲಚ್ ತುಳಿದಾಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂಬಂಧ ಪೂರ್ತಿ ಕಟ್ ಆಗುತ್ತಿತ್ತೋ ಇಲ್ಲವೋ ಎಂಬುದನ್ನು ಬೆಂಚಿನ ಮೇಲಿಟ್ಟ ಗೇರ್‌ಬಾಕ್ಸ್ ಹೇಳಲಾರದು. ಗೋಣಿಕೊಪ್ಪಲಿನ ನನ್ನ ಗ್ಯಾರೇಜಿನಲ್ಲಿ ಈ ಒಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ. ಮೊದಲು ಓಡಿಸಿ ನೋಡಬೇಕು, ಆಮೇಲೆ ಸ್ಪ್ಯಾನರ್.

ಈಚೆಗೆ ಒಂದು ಡೀಸೆಲ್ ಪಿಕಪ್ ಬಂತು. ಡ್ರೈವರ್ ಹುಡುಗ ಹೇಳಿದ್ದು ಇಷ್ಟು: “ಅಣ್ಣಾ, ನಿಧಾನಕ್ಕೆ ಹಾಕಿದ್ರೆ ಏನೂ ಇಲ್ಲ. ಮಂಗಳೂರಿಂದ ಲೋಡ್ ತಗೊಂಡು ಸಂಪಾಜೆ ಘಾಟಿ ಹತ್ತುವಾಗ, ಎರಡರಿಂದ ಮೂರಕ್ಕೆ ಬೇಗ ತಳ್ಳಿದ್ರೆ ಮಾತ್ರ ಕರ್ರ್ ಅನ್ನುತ್ತೆ.” ಬೇರೆ ಕಡೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕೆಂದು ಹೇಳಿದ್ದರಂತೆ. ಹುಡುಗನ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಯಾವ ಗೇರ್, ಯಾವ ರಸ್ತೆ, ಎಷ್ಟು ವೇಗದ ಕೈ, ಎಲ್ಲವನ್ನೂ ಅವನು ಗಮನಿಸಿದ್ದ. ಇಂಥ ಡ್ರೈವರ್ ಸಿಕ್ಕರೆ ಮೆಕ್ಯಾನಿಕ್‌ನ ಕೆಲಸ ಎಷ್ಟೋ ಹಗುರ.

ಶಬ್ದ ಎಲ್ಲಿಂದ ಬರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಮುಂದಕ್ಕೆ ಓಡಿಸುವ ಗೇರುಗಳ ದೊಡ್ಡ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಕರ್ರ್ ಅನ್ನುವುದು ಗೇರಿನ ಪಕ್ಕದಲ್ಲಿರುವ ಚಿಕ್ಕ ಡಾಗ್ ಹಲ್ಲುಗಳಿಗೆ ಸ್ಲೀವ್, ಅಂದರೆ ಗೇರನ್ನು ಶಾಫ್ಟಿಗೆ ಜೋಡಿಸುವ ಜಾರುಬಳೆ, ತಗುಲಿದಾಗ. ಎರಡೂ ಒಂದೇ ವೇಗಕ್ಕೆ ಬರುವ ತನಕ ಸ್ಲೀವನ್ನು ತಡೆದು ನಿಲ್ಲಿಸಬೇಕಾದ್ದು ಸಿಂಕ್ರೊ ರಿಂಗ್, ಹೆಚ್ಚಾಗಿ ಹಿತ್ತಾಳೆಯದು. ಅದರ ಒಳಮೈಯಲ್ಲಿ ಸಣ್ಣ ಗೀರುಗಳಿರುತ್ತವೆ. ಟೈರಿನ ಬಟನ್ ಮಳೆನೀರನ್ನು ಸೀಳುವಂತೆ ಅವು ಎಣ್ಣೆಯ ಪದರವನ್ನು ಸೀಳಿ ಗೇರಿನ ಓರೆಮೈಯನ್ನು, ಅಂದರೆ ಕೋನ್ ಅನ್ನು, ಹಿಡಿಯುತ್ತವೆ. ಗೀರು ಸವೆದರೆ ಹಿಡಿತ ಇಲ್ಲ. ವೇಗ ಸಮವಾಗುವ ಮೊದಲೇ ಸ್ಲೀವ್ ನುಗ್ಗುತ್ತದೆ.

ಏರಿನಲ್ಲೇ ಯಾಕೆ? ಲೆಕ್ಕ ಸುಲಭ. ಎರಡನೇ ಗೇರಿನ ಅನುಪಾತ 2, ಮೂರನೆಯದು 1.4 ಎಂದಿಟ್ಟುಕೊಳ್ಳಿ. ಇಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿರುವಾಗ ಬದಲಿಸಿದರೆ, ಕ್ಲಚ್‌ನಿಂದ ಗೇರ್‌ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟ್ 1,400ಕ್ಕೆ ಇಳಿಯಬೇಕು, ಅಂದರೆ 600 ಸುತ್ತು. 3,500ರ ತನಕ ರೇಸ್ ಮಾಡಿ ಬದಲಿಸಿದರೆ 2,450ಕ್ಕೆ, ಅಂದರೆ 1,050 ಸುತ್ತು ಇಳಿಯಬೇಕು. ಕೊಯನಾಡು ದಾಟಿ ಜೋಡುಪಾಲದ ಕಡೆ ಹತ್ತುವಾಗ ಕ್ಲಚ್ ತುಳಿದ ಕೂಡಲೇ ಲೋಡ್ ಗಾಡಿ ಬಸವಳಿಯುತ್ತದೆ, ಹಾಗಾಗಿ ಇಳಿಯಬೇಕಾದ್ದು ಇನ್ನೂ ಹೆಚ್ಚು. ವೇಗ ಕಳೆದುಕೊಳ್ಳಬಾರದೆಂದು ಡ್ರೈವರ್ ಅವಸರದಲ್ಲಿ ತಳ್ಳುತ್ತಾನೆ. ಕೆಲಸ ಹೆಚ್ಚು, ಸಮಯ ಕಡಿಮೆ. ತುಸು ಸವೆದ ರಿಂಗ್ ಮಟ್ಟರಸ್ತೆಯಲ್ಲಿ ಸುಮ್ಮನಿದ್ದು ಘಾಟಿಯಲ್ಲಿ ಕೂಗುವುದು ಇದಕ್ಕೇ.

ಇಷ್ಟಕ್ಕೇ ‘ರಿಂಗ್ ಹೋಗಿದೆ’ ಎಂದು ತೀರ್ಮಾನಿಸಬಾರದು. ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಕಟ್ ಆಗದಿದ್ದರೆ ಇಂಜಿನ್ ಆ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ, ರಿಂಗ್ ಹೊಸದಾಗಿದ್ದರೂ ಸೋಲುತ್ತದೆ. ಆದ್ದರಿಂದ ಮೊದಲು ರಿವರ್ಸ್ ಪರೀಕ್ಷೆ. ಈ ಪಿಕಪ್‌ನ ರಿವರ್ಸಿಗೆ ಸಿಂಕ್ರೊ ಇಲ್ಲ. ಇಂಜಿನ್ ನಿಧಾನಕ್ಕೆ ಓಡುತ್ತಿರಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾದು, ಮೆಲ್ಲಗೆ ರಿವರ್ಸ್ ಹಾಕಬೇಕು. ಕ್ಲಚ್ ಸರಿಯಿದ್ದರೆ ಅಷ್ಟರಲ್ಲಿ ಶಾಫ್ಟ್ ನಿಂತು ಗೇರ್ ಸದ್ದಿಲ್ಲದೆ ಬೀಳುತ್ತದೆ. ಇಲ್ಲಿ ಸಣ್ಣಗೆ ಕರಕರ ಬಂತು. ಪೆಡಲನ್ನು ಬೇಗಬೇಗ ತುಳಿದು ನೋಡಿದೆ, ಕಡಿಮೆಯಾಯಿತು. ಪಂಪ್ ಮಾಡಿದಾಗ ಸರಿಹೋದರೆ ಕ್ಲಚ್‌ನ ಆಯಿಲ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಸೋತಿದೆ ಎಂದೇ ಅರ್ಥ. ಕೆಳಗೆ ಮಲಗಿ, ಪೆಡಲಿನ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್‌ಗೆ ಮುಟ್ಟಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಕವರ್ ಎತ್ತಿದರೆ ಒಳಗೆ ಒದ್ದೆ, ಅಂದರೆ ಸೋರಿಕೆ. ಕ್ಲಚ್‌ಗೆ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ತಿಂಗಳುಗಟ್ಟಲೆ ಮಳೆ ಹಿಡಿಯುವ ನಮ್ಮ ಊರಿನಲ್ಲಿ ಅದನ್ನು ಬದಲಿಸದೆ ಬಿಟ್ಟರೆ ಸಿಲಿಂಡರ್ ಒಳಗೆ ತುಕ್ಕು ಹಿಡಿಯುವುದು ಸಹಜ.

ರಿವರ್ಸಿಗೂ ಸಿಂಕ್ರೊ ಇರುವ ಗಾಡಿಯಾದರೆ ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರ ಮಾಡಿ, ಮುಂದಿನವಕ್ಕೆ ಅಡೆ ಕೊಟ್ಟು, ಕ್ಲಚ್ ತುಳಿದು ಒಂದನೇ ಗೇರ್ ಹಾಕಿ ನೋಡುತ್ತೇನೆ. ಚಕ್ರ ಸ್ವಲ್ಪ ತಿರುಗಿದರೂ ಹ್ಯಾಂಡ್‌ಬ್ರೇಕ್ ತುಸು ಎಳೆದಾಗ ನಿಂತುಬಿಟ್ಟರೆ ಭಯವಿಲ್ಲ. ಇಂಜಿನ್‌ನ ಸದ್ದು ಕುಗ್ಗಿದರೆ ಕ್ಲಚ್ ಎಳೆಯುತ್ತಿದೆ, ಅಂದರೆ ಪೂರ್ತಿ ಕಟ್ ಆಗುತ್ತಿಲ್ಲ.

ಸ್ಲೇವ್ ಸಿಲಿಂಡರ್ ಬದಲಿಸಿ, ಹೊಸ ಆಯಿಲ್ ಹಾಕಿ ಗಾಳಿ ತೆಗೆದೆ. ರಿವರ್ಸ್ ಸದ್ದಿಲ್ಲದೆ ಬಿತ್ತು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ರೇಸ್ ಏರಿಸಿ ಬೇಗ ತಳ್ಳಿದರೆ ಮೂರನೆಯದು ಇನ್ನೂ ಕರ್ರ್ ಎನ್ನುತ್ತಿತ್ತು, ಆದರೆ ಮೊದಲಿಗಿಂತ ಕಡಿಮೆ. ಆಗ ಡಬಲ್ ಕ್ಲಚ್ ಮಾಡಿದೆ. ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಒಂದು ಕ್ಷಣ, ಮತ್ತೆ ತುಳಿದು ಮೂರು. ಒಮ್ಮೆಯೂ ಸದ್ದಿಲ್ಲ. ವೇಗ ಸಮಮಾಡುವ ಕೆಲಸ ಇಂಜಿನ್ ಮಾಡಿಕೊಟ್ಟಾಗ ಗೇರ್ ಸುಮ್ಮನೆ ಬೀಳುತ್ತದೆ ಅಂದರೆ ಸೋತಿರುವುದು ರಿಂಗ್.

ಗೇರ್ ಆಯಿಲ್ ಬಿಳಿ ಪಾತ್ರೆಗೆ ಇಳಿಸಿ ಬಿಸಿಲಿಗೆ ಹಿಡಿದೆ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ಟಿನ ಮೇಲಿದ್ದ ಕಪ್ಪು ಕೆಸರು ಉಕ್ಕಿನ ಪುಡಿ, ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಎಣ್ಣೆಯಲ್ಲೇ ತೇಲುತ್ತಿದ್ದ ಹೊಂಬಣ್ಣದ ಪುಡಿ ಮ್ಯಾಗ್ನೆಟ್ಟಿಗೆ ಅಂಟದ ಹಿತ್ತಾಳೆ. ಬಾಕ್ಸ್ ಇಳಿಸಲು ನನಗೆ ಈಗ ಕಾರಣ ಸಿಕ್ಕಿತ್ತು.

ಬಿಚ್ಚಿದಾಗ ಮೂರನೇ ಗೇರಿನ ರಿಂಗನ್ನು ಕೋನ್ ಮೇಲೆ ಒತ್ತಿ ಹಿಡಿದು, ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆದೆ. ಮ್ಯಾನುವಲ್ ಹೇಳುವ ಕನಿಷ್ಠಕ್ಕಿಂತ ಕಡಿಮೆ, ಅಂದರೆ ರಿಂಗ್ ಸವೆದಿದೆ. ಪಕ್ಕದ ರಿಂಗುಗಳು ಅಳತೆಯೊಳಗೇ ಇದ್ದವು. ಡಾಗ್ ಹಲ್ಲುಗಳ ತುದಿ ಮೊಂಡಾಗತೊಡಗಿತ್ತು, ಪೂರ್ತಿ ದುಂಡಾಗಿರಲಿಲ್ಲ. ದುಂಡಾಗಿದ್ದರೆ ಗೇರನ್ನೇ ಬದಲಿಸಬೇಕಿತ್ತು. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್, ಅಂದರೆ ಕ್ಲಚ್ ಪ್ಲೇಟ್ ಕೂತು ಜಾರುವ ಉದ್ದಗೆರೆಗಳ ಮೇಲೆ ತುಕ್ಕು ಕಂಡಿತು. ಗಾಡಿ ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಇಳಿಯುತ್ತಿತ್ತಂತೆ. ಅಲ್ಲಿ ತುಕ್ಕು ಹೆಚ್ಚಾದರೆ ಕ್ಲಚ್ ಪ್ಲೇಟ್ ಜಾರದೆ ಇಂಜಿನ್‌ನ ಫ್ಲೈವೀಲಿಗೆ ಒರಗಿಕೊಂಡೇ ಇರಬಹುದು. ಬರೀ ರಿಂಗ್ ಬದಲಿಸಿ ಕಳಿಸಿದ್ದರೆ ಎಳೆಯುವ ಕ್ಲಚ್ ಹೊಸ ರಿಂಗನ್ನೂ ತಿಂದುಹಾಕುತ್ತಿತ್ತು. ನನ್ನ ತಿಳಿವಳಿಕೆಯಲ್ಲಿ ಹಳೆಯದನ್ನು ತಿಂದದ್ದೂ ಅದೇ.

ಸ್ಪ್ಲೈನ್ ಉಜ್ಜಿ ತೆಳುವಾಗಿ ಗ್ರೀಸ್ ಸವರಿದೆ. ಮೂರನೇ ರಿಂಗ್, ಸ್ಲೀವ್-ಹಬ್ ಸೆಟ್ ಹೊಸದು. ಬಾಕ್ಸ್ ಹೇಗೂ ಕೆಳಗಿತ್ತು, ಕ್ಲಚ್ ಒತ್ತುವ ರಿಲೀಸ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕೂಡ ಬದಲಾದವು. ಪೈಲಟ್ ಬೇರಿಂಗ್ ಬಿಗಿಹಿಡಿದರೂ ಕ್ಲಚ್ ಎಳೆಯುವ ಲಕ್ಷಣವೇ ಬರುತ್ತದೆ.

ಎಣ್ಣೆಯ ವಿಷಯ ನನಗೆ ಬಹಳ ಮುಖ್ಯ. ‘ನೈಂಟಿ ಆಯಿಲ್’ ಎಂದು ಕೇಳಿ ಸಿಕ್ಕಿದ್ದನ್ನೇ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್‌ಗೂ ಸುರಿಯುವವರಿದ್ದಾರೆ. ಆಕ್ಸಲ್‌ನ ಹೈಪಾಯ್ಡ್ ಗೇರಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಅದರಲ್ಲಿರುವ ಗಂಧಕ, ರಂಜಕದ ಅಂಶ ಜಿಎಲ್-4ಕ್ಕಿಂತ ಹೆಚ್ಚು. ಹಿತ್ತಾಳೆ ರಿಂಗಿನ ಬಾಕ್ಸಿಗೆ ಅದು ಒಗ್ಗದೇ ಹೋಗಬಹುದು. ಈ ಗಾಡಿಯ ಪುಸ್ತಕ ಜಿಎಲ್-4 ಎನ್ನುತ್ತದೆ, ಅದನ್ನೇ ಹಾಕಿದೆ. ಇನ್ನೊಂದು ಮಾತು: ಡಿಸೆಂಬರ್, ಜನವರಿಯ ಬೆಳಗ್ಗೆ ಮಡಿಕೇರಿಯ ಚಳಿಯಲ್ಲಿ ಗೇರ್ ಗಟ್ಟಿಯಾಗಿ ಬಿದ್ದು, ಗಾಡಿ ಬಿಸಿಯಾದ ಮೇಲೆ ಸರಿಹೋದರೆ ಅದು ಎಣ್ಣೆ ಮಂದವಾಗಿದ್ದರಿಂದ. ಅದಕ್ಕೆ ಯಾರೂ ಬಾಕ್ಸ್ ಬಿಚ್ಚಿಸಬೇಡಿ.

ಕೇಬಲ್ಲಿನಿಂದ ಗೇರ್ ಬದಲಾಗುವ, ಮುಂದಿನ ಚಕ್ರಗಳೇ ಎಳೆಯುವ ಕಾರುಗಳಲ್ಲಿ ಇಂಜಿನ್ ಮೌಂಟಿಂಗನ್ನೂ ನೋಡಬೇಕು. ಮೌಂಟಿಂಗ್ ಹರಿದಿದ್ದರೆ ಜೋರಾಗಿ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಇಂಜಿನ್ ವಾಲಿ, ಗೇರ್ ಪೂರ್ತಿ ಕೂರದೆ ಹೋಗುತ್ತದೆ.

ಹುಡುಗನಿಗೆ ಹೇಳಿದ್ದು ಎರಡೇ ಮಾತು. ಹೊಸ ರಿಂಗ್ ಕೋನ್‌ಗೆ ಹೊಂದಿಕೊಳ್ಳುವ ತನಕ ಅವಸರದ ಗೇರ್ ಬೇಡ. ಓಡಿಸುವಾಗ ಕೈಯನ್ನು ಗೇರ್ ಲಿವರ್ ಮೇಲೆ ಇಟ್ಟುಕೊಂಡೇ ಇರಬೇಡ, ಆ ಭಾರ ಒಳಗೆ ಸ್ಲೀವ್ ತಳ್ಳುವ ಶಿಫ್ಟ್ ಫೋರ್ಕನ್ನು ಸವೆಸುತ್ತದೆ. ಮುಂದಿನ ಲೋಡ್ ಇಳಿಸಿ ಬಂದವನು, “ಮದೆನಾಡು ತನಕ ಮೂರರಲ್ಲಿ ಒಂದ್ಸಲಾನೂ ಅನ್ನಲಿಲ್ಲ ಅಣ್ಣಾ” ಎಂದ. ಅವತ್ತೇ ಎಣ್ಣೆಯ ಮಟ್ಟವನ್ನೂ ಸ್ಲೇವ್ ಸಿಲಿಂಡರಿನ ಕವರನ್ನೂ ಮತ್ತೊಮ್ಮೆ ನೋಡಿದೆ. ಮಟ್ಟ ಸರಿಯಿತ್ತು, ಕವರ್ ಒಣಗಿತ್ತು.