ಓದಿಗೂ ಅಲ್ಲ, ನೌಕರಿಗೂ ಅಲ್ಲ: ಒಂದು ವರ್ಷ ಆಸ್ಟ್ರೇಲಿಯಾದಲ್ಲಿ ಇದ್ದು ಬರಲು

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ನಮ್ಮ ಬೀದಿಯ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಮನೆಗೆ ಬರುತ್ತಾರೆ. ಮಕ್ಕಳಿಗೆ ಹೊರದೇಶ ನೋಡುವ ಆಸೆ, ಹೆತ್ತವರಿಗೆ ತಿಳಿದಿರುವುದು ಎರಡೇ ದಾರಿ: ಸಾಲ ಮಾಡಿ ಎಂ.ಎಸ್. ಓದುವುದು, ಇಲ್ಲವೇ ಬೆಂಗಳೂರಿನ ಕಂಪನಿ ಕಳುಹಿಸುವವರೆಗೆ ಕಾಯುವುದು. ಕಳೆದ ಸಲ ಬಂದ ಹುಡುಗಿಯ ಮನೆಯವರು ಚೀಟಿ ಎತ್ತಿ ಕೊಡುವ ಆಸ್ಟ್ರೇಲಿಯಾ ವೀಸಾ ಒಂದನ್ನು ಕೊಡಿಸುತ್ತೇನೆಂದ ಒಬ್ಬ ಏಜೆಂಟನಿಗೆ ಎರಡು ಲಕ್ಷ ರೂಪಾಯಿ ಮುಂಗಡ ಕೊಡಲು ಸಿದ್ಧರಾಗಿದ್ದರು. "ಬ್ಯಾಲೆಟ್‌ನಲ್ಲಿ ಹೆಸರು ಬರುವುದು ಖಾತ್ರಿ" ಎಂದು ಅವನು ಹೇಳಿದ್ದನಂತೆ. ಆ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಆ ವೀಸಾ ನಿಜ, ಖಾತ್ರಿ ಎಂಬುದು ಸುಳ್ಳು. ಭಾರತ ಮತ್ತು ಆಸ್ಟ್ರೇಲಿಯಾ 2022ರ ಏಪ್ರಿಲ್‌ನಲ್ಲಿ ಸಹಿ ಮಾಡಿದ ವ್ಯಾಪಾರ ಒಪ್ಪಂದದ ಫಲವಾಗಿ ವರ್ಕ್ ಅಂಡ್ ಹಾಲಿಡೇ ವೀಸಾ, ಅಂದರೆ ಸಬ್‌ಕ್ಲಾಸ್ 462, ನಮ್ಮವರಿಗೂ ತೆರೆಯಿತು. ವರ್ಷಕ್ಕೆ 1000 ಜನರಿಗೆ ಮಾತ್ರ ಅವಕಾಶ. ಮೊದಲ ನೋಂದಣಿ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. ಇದೇ ಬಗೆಯ 417 ಎಂಬ ಇನ್ನೊಂದು ವೀಸಾ ಇದೆ, ಅದು ಭಾರತೀಯರಿಗಿಲ್ಲ. ಯಾರಾದರೂ 417 ಕೊಡಿಸುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಬ್ಯಾಲೆಟ್ ಎಂದರೆ ಇಲ್ಲಿ ಮತದಾನವಲ್ಲ, ಚೀಟಿ ಎತ್ತುವುದು. ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲಿ ನೀವೇ ಹೆಸರು ನೋಂದಾಯಿಸಬೇಕು. ಶುಲ್ಕ 25 ಆಸ್ಟ್ರೇಲಿಯನ್ ಡಾಲರ್, ಅದು ಹಿಂದಿರುಗುವುದಿಲ್ಲ. ಆಮೇಲೆ ಕಂಪ್ಯೂಟರ್ ಯಾದೃಚ್ಛಿಕವಾಗಿ ಹೆಸರುಗಳನ್ನು ಆರಿಸುತ್ತದೆ. ಅಂಕಪಟ್ಟಿ, ಶಿಫಾರಸು, ಹಣ ಯಾವುದೂ ಅಲ್ಲಿ ನಡೆಯುವುದಿಲ್ಲ. ಹೆಸರು ಬಂದರೆ ಅರ್ಜಿ ಹಾಕಲು ಸಿಗುವುದು 28 ದಿನ. ಆ ದಿನಗಳಲ್ಲಿ ಕಾಗದಪತ್ರ ಹುಡುಕುತ್ತ ಕೂತರೆ ಬಂದ ಅದೃಷ್ಟ ಕೈಜಾರುತ್ತದೆ.

ನಮ್ಮವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ದಾವಣಗೆರೆ, ಚಿತ್ರದುರ್ಗದ ಕಡೆ ಮನೆತನದ ಹೆಸರಿಗಿಂತ ಇನಿಷಿಯಲ್ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಕಾವ್ಯ ಎಚ್. ಬಿ." ಎಂದಿರುತ್ತದೆ ಎಂದುಕೊಳ್ಳಿ. ಎಚ್ ಎಂದರೆ ಹದಡಿ, ಬಿ ಎಂದರೆ ಬಸವರಾಜ. ಪ್ಯಾನ್ ಕಾರ್ಡ್ ಮಾಡಿಸುವಾಗ ಇನಿಷಿಯಲ್ ನಡೆಯುವುದಿಲ್ಲ, ಹಾಗಾಗಿ ಅಲ್ಲಿ ಊರೂ ಅಪ್ಪನ ಹೆಸರೂ ಪೂರ್ತಿಯಾಗಿ ಸೇರಿಕೊಳ್ಳುತ್ತವೆ. ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ರೂಪ. ಈ ಬ್ಯಾಲೆಟ್ ನೋಂದಣಿಗೆ ಭಾರತೀಯರು ಪಾಸ್‌ಪೋರ್ಟ್ ಜೊತೆಗೆ ಪ್ಯಾನ್ ವಿವರವನ್ನೂ ಕೊಡಬೇಕು. ಎರಡರಲ್ಲಿ ಎರಡು ಹೆಸರಿದ್ದರೆ ಈಗಲೇ ಒಂದನ್ನು ತಿದ್ದಿಸಿಕೊಳ್ಳಿ, ನೋಂದಣಿ ತೆರೆದ ಮೇಲೆ ಅದಕ್ಕೆ ಪುರುಸೊತ್ತು ಇರುವುದಿಲ್ಲ. ಯಾವುದನ್ನು ತಿದ್ದಿಸಬೇಕು ಎಂದು ಕೇಳಿದರೆ, ಪಾಸ್‌ಪೋರ್ಟ್ ಅನ್ನು ಆಧಾರವಾಗಿಟ್ಟುಕೊಂಡು ಪ್ಯಾನ್ ಅನ್ನು ಅದಕ್ಕೆ ಹೊಂದಿಸಿ ಎನ್ನುತ್ತೇನೆ. ಬಸವರಾಜನೇ ನಿಮ್ಮ ಸರ್‌ನೇಮ್ ಎಂದು ಪಾಸ್‌ಪೋರ್ಟ್ ಹೇಳಿದರೆ, ಆ ದೇಶದಲ್ಲಿ ಇರುವಷ್ಟು ದಿನ ಎಲ್ಲ ಅರ್ಜಿಗಳಲ್ಲೂ ನೀವು ಬಸವರಾಜರೇ. ಮೊದಲು ಕಸಿವಿಸಿಯಾಗುತ್ತದೆ, ಆಮೇಲೆ ಅಪ್ಪನ ಹೆಸರು ಕೂಗಿ ಕರೆಯುವುದು ಹಿತವೆನಿಸುತ್ತದೆ.

ಉಳಿದ ಅರ್ಹತೆಗಳು ಕಷ್ಟದವಲ್ಲ. ವಯಸ್ಸು 18ರಿಂದ 30, ಅಂದರೆ 31 ತುಂಬಿರಬಾರದು. ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು ಬೇಕು. ಇಂಗ್ಲಿಷ್‌ಗೆ ಐಇಎಲ್‌ಟಿಎಸ್‌ನಲ್ಲಿ ಸರಾಸರಿ 4.5 ಸಾಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಬಾರದು, ವಿಶ್ವವಿದ್ಯಾಲಯಗಳು ಕೇಳುವ 6 ಅಥವಾ 6.5ರ ಹತ್ತಿರಕ್ಕೂ ಅದು ಬರುವುದಿಲ್ಲ. ಖಾತೆಯಲ್ಲಿ ಸುಮಾರು 5000 ಡಾಲರ್, ಜೊತೆಗೆ ವಾಪಸು ಬರುವ ಟಿಕೆಟ್‌ಗಾಗುವಷ್ಟು ಹಣ ತೋರಿಸಬೇಕು. ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ.

ಸಿಗುವುದು 12 ತಿಂಗಳು. ಅಷ್ಟರಲ್ಲಿ ತಿರುಗಬಹುದು, ದುಡಿಯಬಹುದು, ನಾಲ್ಕು ತಿಂಗಳವರೆಗೆ ಓದಲೂಬಹುದು. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ಕೆಲಸ, ಕೃಷಿಯಂಥ ಕೆಲವು ಕೆಲಸಗಳಿಗೆ ವಿನಾಯಿತಿ ಉಂಟು. ನಮ್ಮ ಹುಡುಗರಿಗೆ ಅನುಕೂಲವಾಗುವ ವಿಷಯ ಮುಂದಿದೆ. ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮೂರು ತಿಂಗಳು ಹೊಲ, ತೋಟ ಮುಂತಾದ ನಿಗದಿತ ಕೆಲಸ ಮಾಡಿದವರು ಎರಡನೆಯ ವರ್ಷದ ವೀಸಾಗೆ ಅರ್ಜಿ ಹಾಕಬಹುದು. ಎರಡನೆಯ ವರ್ಷದಲ್ಲಿ ಆರು ತಿಂಗಳು ಮಾಡಿದರೆ ಮೂರನೆಯದು. ಇವಕ್ಕೆ ಮತ್ತೆ ಚೀಟಿ ಎತ್ತುವುದಿಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಿ, ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಬೆಳೆದವರಿಗೆ ಕ್ವೀನ್ಸ್‌ಲ್ಯಾಂಡ್‌ನ ಮಾವಿನ ತೋಟದ ಬಿಸಿಲು ಹೊಸದೇನಲ್ಲ. ಇಂಜಿನಿಯರಿಂಗ್ ಓದಿ ಹಣ್ಣು ಕೀಳುವುದೇ ಎಂದು ಮನೆಯಲ್ಲಿ ಕೇಳುತ್ತಾರೆ. ಆ ಕೆಲಸ ಮಾಡುವ ಜರ್ಮನಿಯ, ಜಪಾನಿನ ಹುಡುಗ ಹುಡುಗಿಯರೂ ಓದಿದವರೇ, ಅಲ್ಲಿ ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ.

ಆದರೆ ತೋಟದಲ್ಲೇ ಮೋಸವೂ ಹೆಚ್ಚು. ದೇಶದ ಕನಿಷ್ಠ ಕೂಲಿ 2025ರ ಜುಲೈನಲ್ಲಿ ಗಂಟೆಗೆ 24.95 ಡಾಲರ್ ಇತ್ತು, ಖಾಯಂ ಅಲ್ಲದ ಕ್ಯಾಶುವಲ್ ಕೆಲಸಕ್ಕೆ ಸಾಮಾನ್ಯವಾಗಿ ಅದರ ಮೇಲೆ ಶೇ 25. ಬುಟ್ಟಿಗೆ ಇಷ್ಟು ಎಂದು ಲೆಕ್ಕ ಹಾಕುವ ತೋಟಗಳೂ 2022ರ ಏಪ್ರಿಲ್‌ನಿಂದ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಕೂಲಿ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇ ಸ್ಲಿಪ್ ಕೊಡಲೇಬೇಕು. ಅದನ್ನು ಒಂದೊಂದನ್ನೂ ಎತ್ತಿಡಿ, ಎರಡನೆಯ ವೀಸಾಗೆ ಅದೇ ಸಾಕ್ಷಿ. ಊಟ, ವಸತಿಗೆ ಬದಲಾಗಿ ಕೂಲಿಯಿಲ್ಲದೆ ಮಾಡಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಕೂಲಿಯಲ್ಲಿ ಅನ್ಯಾಯವಾದರೆ ಅದನ್ನು ವಿಚಾರಿಸುವ ಸರ್ಕಾರಿ ಕಚೇರಿ ಫೇರ್ ವರ್ಕ್ ಓಂಬುಡ್ಸ್‌ಮನ್‌ಗೆ 13 13 94ರಲ್ಲಿ ಕರೆ ಮಾಡಿ. ಇಂಗ್ಲಿಷ್‌ನಲ್ಲಿ ತಡವರಿಸುವವರು ಮೊದಲು 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಬಹುದು. ದೂರು ಕೊಟ್ಟರೆ ವೀಸಾ ಹೋಗುತ್ತದೆ ಎಂದು ಹೆದರಿಸಿದ ಮೇಸ್ತ್ರಿಗೆ ಅಂಜಿ ಸುಮ್ಮನಿದ್ದ ಹುಡುಗರನ್ನು ಕಂಡಿದ್ದೇನೆ, ಅವರ ಬೆವರಿನ ಹಣ ಇಂದಿಗೂ ಬಂದಿಲ್ಲ.

ಆರೋಗ್ಯ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ಭಾರತದೊಂದಿಗೆ ಆರೋಗ್ಯ ಸೇವೆಯ ಒಪ್ಪಂದ ಇಲ್ಲದ್ದರಿಂದ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನಿಮಗೆ ಅನ್ವಯಿಸುವುದಿಲ್ಲ.

ಬ್ರಿಟನ್ನಿನಲ್ಲೂ ಇಂಥದೇ ಒಂದು ದಾರಿ 2023ರಿಂದ ಇದೆ, ಹೆಸರು ಯಂಗ್ ಪ್ರೊಫೆಷನಲ್ಸ್ ಸ್ಕೀಮ್. ಎರಡು ವರ್ಷ ಇರಬಹುದು, ವರ್ಷಕ್ಕೆ 3000 ಜನ, ಪದವಿ ಕಡ್ಡಾಯ. ಅದರ ಬ್ಯಾಲೆಟ್‌ಗೆ ಶುಲ್ಕವೇ ಇಲ್ಲ, ತೆರೆದಿರುವುದು ಎರಡು ದಿನ ಅಷ್ಟೆ. ಖಾತೆಯಲ್ಲಿ 2530 ಪೌಂಡ್ ಸತತ 28 ದಿನ ಇರಬೇಕು, ಹಿಂದಿನ ದಿನ ಮಾವನಿಂದ ತಂದು ತುಂಬಿದರೆ ಆಗದು. ಮೇಲೆ ಆರೋಗ್ಯ ಶುಲ್ಕ ಎರಡು ವರ್ಷಕ್ಕೆ 1552 ಪೌಂಡ್ ಮೊದಲೇ ಕಟ್ಟಬೇಕು. ಕ್ಷಯ ಪರೀಕ್ಷೆಯೂ ಉಂಟು, ಅದಕ್ಕೆ ಬೆಂಗಳೂರಿಗೆ ಹೋಗಿ ಬನ್ನಿ. ಎರಡು ವರ್ಷ ಮುಗಿದ ಮೇಲೆ ಈ ವೀಸಾ ವಿಸ್ತರಿಸುವುದಿಲ್ಲ.

ಆಸ್ಟ್ರೇಲಿಯಾದಿಂದ ಹೊರಡುವ ಮುನ್ನ ನಮ್ಮವರು ಮರೆಯುವ ಒಂದು ಹಣವಿದೆ. ಮಾಲೀಕರು ನಿಮ್ಮ ಕೂಲಿಯ ಶೇ 12ರಷ್ಟನ್ನು ಸೂಪರ್ ಎಂಬ ಪಿಂಚಣಿ ಖಾತೆಗೆ ಹಾಕಿರುತ್ತಾರೆ. ದೇಶ ಬಿಟ್ಟ ಮೇಲೆ ಅದನ್ನು ಹಿಂಪಡೆಯಬಹುದು. ಈ ವೀಸಾದವರಿಗೆ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ, ಉಳಿದದ್ದು ನಿಮ್ಮದು. ಖಾತೆಯ ಸಂಖ್ಯೆಯನ್ನೂ ತೆರಿಗೆ ಸಂಖ್ಯೆಯನ್ನೂ ಬರೆದಿಟ್ಟುಕೊಂಡು ಬಂದರೆ ದಾವಣಗೆರೆಯ ಮನೆಯಲ್ಲಿ ಕುಳಿತೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.